ಅನ್ಯಾಯದ ಬಿನ್ನಹ: 1368ರ ಬೆಳಗೊಳ ಶಾಸನ ಹೇಳುವುದೇನು?

ತಮಗೆ ಅನ್ಯಾಯವಾಗಿದೆ ಎಂದು ಹೇಳಿಕೊಂಡವರಿಗೆ ಲೋಕವು ಕೊಡುವ ಉತ್ತರಗಳು ಬಹುಮಟ್ಟಿಗೆ ಸಿದ್ಧವಾಗಿಯೇ ಇರುತ್ತವೆ. ಅದು ಪೂರ್ವಕರ್ಮದ ಫಲ. ಪಡೆದು ಬಂದದ್ದನ್ನು ಉಣ್ಣಲೇಬೇಕು. ಎಲ್ಲರ ಮನೆಯ ದೋಸೆಯೂ ತೂತೇ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಗೋಳೇಕೆ. ಕಾಲ ಬದಲಾಗಿದೆ, ಹೊಂದಿಕೊಂಡು ಹೋಗಬೇಕು. ಈ ಉತ್ತರಗಳಲ್ಲಿ ಒಂದೂ ದೂರು ಸುಳ್ಳೆಂದು ಸಾಧಿಸುವುದಿಲ್ಲ. ದೂರನ್ನು ವಿಚಾರಿಸುವ ಹೊಣೆಯಿಂದ ಕೇಳುಗನನ್ನು ಬಿಡುಗಡೆ ಮಾಡುವುದಷ್ಟೇ ಇವುಗಳ ಕೆಲಸ. ಇಂತಹ ಉತ್ತರಗಳೆಲ್ಲ ಕೈಗೆಟುಕುವಂತಿದ್ದರೂ ಅವುಗಳ ಮೊರೆಹೋಗದೆ ದೂರನ್ನು ಆಲಿಸಿದ ಒಂದು ಪ್ರಸಂಗ ಕರ್ನಾಟಕದ ಇತಿಹಾಸದಲ್ಲಿದೆ. ಅದು ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದ್ದು. ಶಕವರ್ಷ 1290, ಅಂದರೆ ಕ್ರಿ.ಶ. 1368ರ ಆ ಶಾಸನ ಶ್ರವಣಬೆಳಗೊಳದಲ್ಲಿದೆ. ಅದೇ ವಿಷಯದ ಇನ್ನೊಂದು ಶಾಸನ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ.

ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ತಲೆದೋರಿದಾಗ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮತ್ತು ಕಲ್ಲೆಹ ಪಟ್ಟಣಗಳೂ ಸೇರಿದಂತೆ ಸಮಸ್ತ ನಾಡುಗಳ ಜೈನರು ಅರಸನ ಬಳಿಗೆ ಹೋದರು. ಶಾಸನವು ಜೈನರನ್ನು ‘ಭವ್ಯಜನ’ರೆಂದೂ ಶ್ರೀವೈಷ್ಣವರನ್ನು ‘ಭಕ್ತ’ರೆಂದೂ ಕರೆಯುತ್ತದೆ. ಭಕ್ತರು ಮಾಡುತ್ತಿದ್ದುದಕ್ಕೆ ಅದು ಬಳಸುವ ಪದ ‘ಅನ್ಯಾಯ’. ಭವ್ಯರು ಮಾಡಿದ್ದಕ್ಕೆ ಬಳಸುವ ಪದ ‘ಬಿನ್ನಹ’. ಅನ್ಯಾಯಗಳು ಯಾವುವೆಂದು ಅದು ಪಟ್ಟಿಮಾಡುವುದಿಲ್ಲ. ಆದರೆ ತೀರ್ಪಿನಲ್ಲಿ ಪಂಚಮಹಾವಾದ್ಯ ಮತ್ತು ಕಲಶಗಳು ಜೈನದರ್ಶನಕ್ಕೆ ಪೂರ್ವಮರ್ಯಾದೆಯಂತೆ ಸಲ್ಲಬೇಕೆಂದು ವಿಧಿಸಿರುವುದರಿಂದ, ವಿವಾದದ ತಿರುಳು ಈ ಗೌರವಗಳಿಗೆ ಒದಗಿದ ಅಡ್ಡಿಯೇ ಎಂದು ಊಹಿಸಬಹುದು.

ಈ ಬಿನ್ನಹವನ್ನು ತಳ್ಳಿಹಾಕುವುದು ಕಷ್ಟವಾಗಿರಲಿಲ್ಲ. ವಾದ್ಯ, ಕಲಶಗಳು ಹೊರಗಿನವರ ಕಣ್ಣಿಗೆ ಅಲ್ಪ ಸಂಗತಿಗಳು. ಆದರೆ ಮಧ್ಯಕಾಲದ ಸಮಾಜದಲ್ಲಿ ಯಾರ ಮುಂದೆ ಯಾವ ವಾದ್ಯ ನುಡಿಯಬೇಕೆಂಬುದು ಊರಿನಲ್ಲಿ ಅವರ ಸ್ಥಾನವೇನೆಂಬುದರ ಬಹಿರಂಗ ಘೋಷಣೆಯಾಗಿತ್ತು. ವಾದ್ಯ ನಿಂತಿತೆಂದರೆ ಸ್ಥಾನ ಹೋಯಿತೆಂದೇ ಅರ್ಥ. ದೂರಿನ ವಸ್ತು ಸಣ್ಣದೆಂದು ಹೇಳುವವರಿಗೆ ಸಾಮಾನ್ಯವಾಗಿ ಆ ವಸ್ತು ತಪ್ಪಿರುವುದಿಲ್ಲ ಎಂಬುದು ಇಲ್ಲಿಯೂ ಸ್ಪಷ್ಟ. ಕಾಲ ಬದಲಾಗಿದೆಯೆಂಬ ಉತ್ತರಕ್ಕೂ ಆಧಾರವಿತ್ತು. ಗಂಗರ ಮಂತ್ರಿ ಚಾವುಂಡರಾಯನು ಗೊಮ್ಮಟಮೂರ್ತಿಯನ್ನು ನಿಲ್ಲಿಸಿ ನಾಲ್ಕು ಶತಮಾನಗಳಾಗುತ್ತ ಬಂದಿದ್ದವು. ಗಂಗ, ರಾಷ್ಟ್ರಕೂಟರ ಕಾಲದ ರಾಜಾಶ್ರಯ ಜೈನರಿಗೆ ಉಳಿದಿರಲಿಲ್ಲ. ಒಂದು ಕಾಲದಲ್ಲಿ ಉಚ್ಚಸ್ಥಿತಿಯಲ್ಲಿದ್ದವರ ದೂರಿಗೆ ಕನಿಕರ ದೊರೆಯುವುದು ಇನ್ನೂ ಕಷ್ಟ. ನಿಮ್ಮ ಕಾಲ ಆಗಿಹೋಯಿತು ಎಂದರೆ ಮಾತು ಮುಗಿಯುತ್ತದೆ.

ಇವೆಲ್ಲಕ್ಕಿಂತ ಬಲವಾದ ಉತ್ತರ ಕರ್ಮದ್ದು. ಬಿನ್ನಹ ತಂದವರೇ ಕರ್ಮಸಿದ್ಧಾಂತವನ್ನು ಅತ್ಯಂತ ವಿಸ್ತಾರವಾಗಿ ಬೆಳೆಸಿದ ದರ್ಶನಕ್ಕೆ ಸೇರಿದವರು. ಸುಖದುಃಖಗಳು ಸಾತಾ ಮತ್ತು ಅಸಾತಾ ವೇದನೀಯ ಕರ್ಮಗಳ ಉದಯದಿಂದ ಬರುತ್ತವೆಂದು ನಂಬಿದವರು ಅರಸನ ಬಳಿ ದೂರುವುದೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಈ ಪ್ರಶ್ನೆ ಸಿದ್ಧಾಂತವನ್ನು ಅರ್ಧಕ್ಕೆ ಓದಿದ್ದರ ಫಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಪರರಿಗೆ ದುಃಖ, ಶೋಕ, ಆಕ್ರಂದನಗಳನ್ನು ಉಂಟುಮಾಡುವುದನ್ನು ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದು ಹೇಳುತ್ತದೆ. ಜೀವಿಗಳ ಮೇಲಿನ ಅನುಕಂಪೆಯನ್ನು ಸಾತಾವೇದನೀಯದ ಕಾರಣಗಳಲ್ಲಿ ಎಣಿಸುತ್ತದೆ. ನೊಂದವನ ನೋವಿಗೆ ಅವನ ಕರ್ಮ ಕಾರಣವಾಗಿರಬಹುದು. ಆದರೆ ನೋಯಿಸಿ ನಿಮಿತ್ತನಾದವನು ಆ ಕ್ಷಣದಲ್ಲಿಯೇ ಹೊಸ ಕರ್ಮವನ್ನು ಕಟ್ಟಿಕೊಳ್ಳುತ್ತಾನೆ. ಅಲ್ಲಿ ಅವನಿಗೆ ಬಿಡುಗಡೆಯಿಲ್ಲ. ಕರ್ಮವಿಚಾರವು ತನ್ನ ನೋವನ್ನು ಸಮತೆಯಿಂದ ಸಹಿಸಲು ಮುನಿಗೆ ಒದಗುವ ಬಲವೇ ಹೊರತು, ಪರರ ನೋವನ್ನು ನೋಡಿ ಸುಮ್ಮನಿರಲು ನೆರೆಯವನಿಗೆ ದೊರೆತ ಪರವಾನಗಿಯಲ್ಲ. ಒಂದೇ ಮಾತು ತನಗೆ ಹೇಳಿಕೊಂಡರೆ ಕ್ಷಮೆಯಾಗುತ್ತದೆ. ಇನ್ನೊಬ್ಬನಿಗೆ ಹೇಳಿದರೆ ಕ್ರೌರ್ಯವಾಗುತ್ತದೆ.

ಹಾಗಿದ್ದರೂ ಜನರು ಈ ಮಾತನ್ನು ಮತ್ತೆ ಮತ್ತೆ ಇನ್ನೊಬ್ಬರಿಗೇ ಹೇಳುವುದೇಕೆ? ಇದಕ್ಕೆ ಭಾರತೀಯ ಸಾಹಿತ್ಯದ ಅತಿ ಪ್ರಸಿದ್ಧ ಸಾಕ್ಷಿ ವ್ಯಾಸಭಾರತದ ಸಭಾಪರ್ವ. ತನ್ನನ್ನೇ ಸೋತ ಅರಸನಿಗೆ ಪತ್ನಿಯನ್ನು ಪಣವಾಗಿ ಒಡ್ಡುವ ಅಧಿಕಾರವಿತ್ತೇ ಎಂದು ದ್ರೌಪದಿ ಕೇಳಿದಾಗ, ಧರ್ಮದ ಗತಿ ಸೂಕ್ಷ್ಮವೆಂದು ಹೇಳಿ ಭೀಷ್ಮನು ಹಿಂದೆ ಸರಿಯುತ್ತಾನೆ. ಅವಳ ಪರವಾಗಿ ನುಡಿದ ವಿಕರ್ಣನನ್ನು ಬಾಲಕನೆಂದು ಕರ್ಣನು ಹಳಿಯುತ್ತಾನೆ. ಉಳಿದವರು ಮೌನ. ಭೀಷ್ಮನಿಗೆ ಪ್ರಶ್ನೆ ತಿಳಿಯದೆ ಹೋಗಿರಲಿಲ್ಲ. ಆದರೆ ಅವಳ ಮಾತು ನಿಜವೆಂದು ಒಪ್ಪಿದ ಕೂಡಲೇ ದುರ್ಯೋಧನನೆದುರು ಎದ್ದು ನಿಲ್ಲಬೇಕಾಗುತ್ತಿತ್ತು. ದೂರನ್ನು ಒಪ್ಪುವುದೆಂದರೆ ಮುಂದಿನ ಕೆಲಸವನ್ನೂ ಒಪ್ಪುವುದು. ಆ ಕೆಲಸ ಮಾಡಲಾರದವನಿಗೆ ಧರ್ಮಸೂಕ್ಷ್ಮತೆ ಆಸರೆಯಾಗುತ್ತದೆ. ಕೇಳಿದ ಪ್ರಶ್ನೆಗೆ ಉತ್ತರಿಸದ ಸಭಾಸದನಿಗೂ ಪಾಪದಲ್ಲಿ ಪಾಲುಂಟೆಂದು ವಿದುರನು ಅಲ್ಲಿಯೇ ಎಚ್ಚರಿಸಿದ್ದು ಈ ಆಸರೆಯನ್ನು ಕಿತ್ತೊಗೆಯಲಿಕ್ಕಾಗಿ.

ಮನುಷ್ಯಸ್ವಭಾವದ ಈ ಎಳೆಯನ್ನು ಆಧುನಿಕ ಮನಶ್ಶಾಸ್ತ್ರವೂ ಗುರುತಿಸಿದೆ. ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ ಅವರು 1966ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಬ್ಬ ಯುವತಿ ವಿದ್ಯುತ್ ಆಘಾತದಿಂದ ನರಳುವಂತೆ ತೋರುವ ದೃಶ್ಯವನ್ನು ವಿದ್ಯಾರ್ಥಿನಿಯರಿಗೆ ತೋರಿಸಲಾಯಿತು. ಆಕೆಯ ಸಂಕಟವನ್ನು ತಪ್ಪಿಸುವ ಅವಕಾಶ ದೊರೆತವರಲ್ಲಿ ಹೆಚ್ಚಿನವರು ಅದನ್ನು ಬಳಸಿದರು. ಆ ಅವಕಾಶವಿಲ್ಲದೆ, ಆಕೆಯ ಸಂಕಟ ಮುಂದುವರಿಯುವುದೆಂದು ತಿಳಿದವರು ಆಕೆಯನ್ನೇ ಕೀಳಾಗಿ ಕಂಡರು. ಲೋಕ ನ್ಯಾಯವಾಗಿಯೇ ನಡೆಯುತ್ತಿದೆ ಎಂಬ ನಂಬಿಕೆಯನ್ನು ಉಳಿಸಿಕೊಳ್ಳಲು ನೊಂದವರಲ್ಲಿಯೇ ದೋಷ ಹುಡುಕುತ್ತಾರೆಂದು ಲರ್ನರ್ ಇದನ್ನು ವಿವರಿಸಿದರು. ಪರಿಹಾರದ ದಾರಿ ಮುಚ್ಚಿದಲ್ಲಿ ಕಿವಿಯೂ ಮುಚ್ಚುತ್ತದೆ.

ಬುಕ್ಕರಾಯನ ಶಾಸನದ ಮಹತ್ವ ಇರುವುದು ಇಲ್ಲಿ. ಅದು ಬರಿಯ ಸದ್ಭಾವನೆಯ ಮಾತಲ್ಲ. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರಿಂದ ಮೊದಲ್ಗೊಂಡು ತಿರುಕುಲ, ಜಾಂಬವಕುಲದವರ ತನಕ ಶ್ರೀವೈಷ್ಣವ ಸಮೂಹವೆಲ್ಲ ಕೂಡಿದ್ದಾಗ ಅರಸನು ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಭಕ್ತರಿಂದ ಜೈನದರ್ಶನಕ್ಕೆ ಒದಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಭಾವಿಸಬೇಕೆಂದು ವಿಧಿಸಿದನು. ಈ ಕಟ್ಟಳೆಯ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ನೆಡಬೇಕೆಂದಾಯಿತು. ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಸಂಗ್ರಹಿಸಿ, ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಿ, ಉಳಿದ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸುವ ಹೊಣೆ ತಿರುಮಲೆಯ ತಾತಯ್ಯನದಾಯಿತು. ಅಂದರೆ ದೂರಿಗೊಳಗಾದ ಪಕ್ಷದವನೇ ರಕ್ಷಣೆಗೆ ಉತ್ತರವಾದಿಯಾದನು. ಕೇಳಿದವರಿಗೆ ಮಾಡಲು ಒಂದು ನಿಶ್ಚಿತ ಕೆಲಸ ದೊರೆಯಿತು.

ಇದು ಪರಿಪೂರ್ಣ ನ್ಯಾಯವೆಂದು ಹೇಳಲಾಗದು. ರಕ್ಷಣೆಯ ವೆಚ್ಚವನ್ನು ತೆತ್ತವರು ಅನ್ಯಾಯಕ್ಕೊಳಗಾದ ಜೈನರೇ. ಶಾಸನ ಆರಂಭವಾಗುವುದೂ ರಾಮಾನುಜಾಚಾರ್ಯರನ್ನು ಪಾಷಂಡಮತಗಳೆಂಬ ಕಡಲಿಗೆ ಬಡಬಾಗ್ನಿಯೆಂದು ಸ್ತುತಿಸುವ ಪದ್ಯದಿಂದ. ಪ್ರಬಲರ ಮನಸ್ಸನ್ನು ನೋಯಿಸದೆ ದುರ್ಬಲರ ಹಕ್ಕನ್ನು ಬರೆಯಿಸಬೇಕಾದ ಇಕ್ಕಟ್ಟು ಇಲ್ಲಿ ಕಾಣುತ್ತದೆ. ಆದರೂ ಹಕ್ಕು ಕಲ್ಲಿನ ಮೇಲೆ ಬಂದಿತು.

ಶಾಸನದ ಕೊನೆಯಲ್ಲಿ ಒಂದು ಹೆಸರಿದೆ. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ. ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಕರೆಯಿಸಿ, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದವನು ಅವನು. ಒಮ್ಮೆ ಕೇಳಿಸಿದ ದೂರನ್ನೂ ಕೇಳಿಸುತ್ತಲೇ ಇರಬೇಕಾಗುತ್ತದೆಂಬುದನ್ನು ಬಲ್ಲವನು. ದೂರುವವನಿಗೆ ಲೋಕ ಸಾಮಾನ್ಯವಾಗಿ ಕೊಡುವ ಬಿರುದು ಜಗಳಗಂಟ ಎಂಬುದು. ಬುಸುವಿಸೆಟ್ಟಿಗೆ ಜೈನ, ವೈಷ್ಣವ ಎಂಬ ಎರಡೂ ಸಮಯದವರು ಕೂಡಿ ಕೊಟ್ಟ ಬಿರುದು ‘ಸಂಘನಾಯಕ’.