ಹೊಸ ಕೆಲಸ ಬಿಡುವವರಿಗೆ: ನೋಟಿಸ್ ಅವಧಿ, ಬಾಂಡ್

ಕೊಡಿಕೊಂಡ, ಹಿಂದೂಪುರ ಭಾಗದ ಅನೇಕ ಯುವಕರು ಕೆಲಸಕ್ಕೆ ಹೋಗುವುದು ಬೆಂಗಳೂರಿಗೆ, ಇಲ್ಲವೇ ಪೆನುಕೊಂಡ ಕಡೆಯ ಕಾರ್ಖಾನೆಗಳಿಗೆ. ಸೇರಿದ ಎರಡೇ ತಿಂಗಳಲ್ಲಿ ಬಿಡಬೇಕೆನಿಸಿದರೆ ನೇಮಕಾತಿ ಪತ್ರದಲ್ಲಿನ ಮೂರು ತಿಂಗಳ ನೋಟಿಸ್ ಅಡ್ಡ ಬರುತ್ತದೆ. ಪತ್ರವನ್ನು ಮತ್ತೊಮ್ಮೆ ಓದಿ. ಆ ಮೂರು ತಿಂಗಳು ಕಾಯಂ ಆದವರಿಗೆ ಮಾತ್ರ ಇರಬಹುದು. ಪ್ರೊಬೇಷನ್‌ನಲ್ಲಿ ಅವಧಿ ಸಾಮಾನ್ಯವಾಗಿ ಕಡಿಮೆ.

ಒಲ್ಲದವನನ್ನು ದುಡಿಸುವಂತೆ ನ್ಯಾಯಾಲಯ ಆದೇಶಿಸುವುದಿಲ್ಲ. ಆದರೆ ಒಪ್ಪಂದದಂತೆ ಹಣ ಕಟ್ಟಬೇಕಾಗಬಹುದು. ಬಾಂಡ್‌ಗೆ ಸಹಿ ಹಾಕಿದ್ದರಂತೂ ಎಚ್ಚರ.

ವಿಜಯ ಬ್ಯಾಂಕ್ ಪ್ರಕರಣವನ್ನೇ ನೋಡಿ. 2007ರಲ್ಲಿ ಸೇರಿದ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ, 2009ರಲ್ಲಿ, ಬೇರೆ ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟರು. ಷರತ್ತಿನಂತೆ 2 ಲಕ್ಷ ರೂಪಾಯಿ ಕಟ್ಟಿ, ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. ಬ್ಯಾಂಕ್ ಮೇಲ್ಮನವಿ ಹೋಯಿತು. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಷರತ್ತನ್ನು ಎತ್ತಿಹಿಡಿಯಿತು. ಸರ್ಕಾರಿ ಬ್ಯಾಂಕಿಗೆ ಮರುನೇಮಕಾತಿ ಖರ್ಚಿನ ಬಾಬತ್ತು, ಹಿರಿಯ ಹುದ್ದೆಯ ಸಂಬಳಕ್ಕೆ ಆ ಮೊತ್ತ ಅತಿಯಲ್ಲ ಎಂಬುದು ಕಾರಣ. ಹಾಗೆಂದು ಹದಿನೈದು ಸಾವಿರ ಸಂಬಳದವನಿಗೂ ಅದೇ ಮೊತ್ತ ನ್ಯಾಯ ಎನ್ನಲಾಗದು.

ಹೇಳದೆ ಕೇಳದೆ ಹೋಗುವುದು ಮಾತ್ರ ಬೇಡ. ರಾಜೀನಾಮೆಯನ್ನು ಇಮೇಲ್‌ನಲ್ಲೂ ಕಳಿಸಿ, ಬೇಗ ಬಿಡುಗಡೆ ಕೇಳಿ. ಕೆಲವೊಮ್ಮೆ ಹೊಸ ಕಂಪನಿಯೇ ನೋಟಿಸ್ ಹಣ ಭರಿಸುತ್ತದೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯಂತೆ, ರಾಜೀನಾಮೆ ಕೊಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು.