ಬಿದರಿ ಹುಕ್ಕಾ ಮತ್ತು ಅದರ ಸಂಗ್ರಾಹಕರು

ಮೊಗಲ್ ಚಕ್ರವರ್ತಿ ಅಕ್ಬರನು ತನ್ನ ಮಗ ದಾನಿಯಾಲನಿಗೆ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹನ (1580–1627) ಮಗಳನ್ನು ತಂದುಕೊಳ್ಳಲು ನಿಶ್ಚಯಿಸಿ, ಅಸದ್ ಬೇಗನೆಂಬ ಅಧಿಕಾರಿಯನ್ನು ದಕ್ಷಿಣಕ್ಕೆ ಕಳುಹಿಸಿದ ಸಂಗತಿ ಇತಿಹಾಸದ ವಿದ್ಯಾರ್ಥಿಗಳಿಗೆ ವಿದಿತವೇ ಆಗಿದೆ. 1604ರಲ್ಲಿ ನಡೆದ ಆ ವಿವಾಹದಿಂದ ರಾಜಕೀಯವಾಗಿ ಆದ ಪ್ರಯೋಜನ ಅಲ್ಪ. ದಾನಿಯಾಲನು ಬಹುಕಾಲ ಬದುಕಲಿಲ್ಲ. ಆದರೆ ಅಸದ್ ಬೇಗನು ಬಿಜಾಪುರದಿಂದ ಹಿಂದಿರುಗುವಾಗ ತಂದ ವಸ್ತುಗಳಲ್ಲಿ ಒಂದು ಮಾತ್ರ ಉತ್ತರ ಹಿಂದೂಸ್ಥಾನದ ಶ್ರೀಮಂತರ ನಿತ್ಯಜೀವನವನ್ನೇ ಮಾರ್ಪಡಿಸಿತು. ಅದು ಹೊಗೆಸೊಪ್ಪು.

ಪೋರ್ಚುಗೀಸರ ಮೂಲಕ ದಕ್ಷಿಣದ ರೇವುಗಳಿಗೆ ಬಂದಿದ್ದ ಈ ಸೊಪ್ಪನ್ನು ತಾನು ಬಿಜಾಪುರದಲ್ಲಿಯೇ ಮೊದಲು ಕಂಡುದಾಗಿ ಅಸದ್ ಬೇಗನು ತನ್ನ ವೃತ್ತಾಂತದಲ್ಲಿ ಹೇಳುತ್ತಾನೆ. ಚಕ್ರವರ್ತಿಗೆ ಒಪ್ಪಿಸುವುದಕ್ಕಾಗಿ ಅವನು ಮಾಡಿಸಿದ ನಳಿಗೆಯ ವರ್ಣನೆ ಸಾಕಷ್ಟು ವಿವರವಾಗಿದೆ. ಸುಮಾತ್ರ ದ್ವೀಪದ ಅಚಿನ್‌ನಿಂದ ಬಂದ ಮೂರು ಮೊಳ ಉದ್ದದ ಕೊಳವೆ. ಅದರ ಎರಡು ತುದಿಗಳಿಗೂ ರತ್ನ ಮತ್ತು ಮೀನಾಕಾರಿ. ಬಾಯಿಗೆ ಇಟ್ಟುಕೊಳ್ಳುವೆಡೆಯಲ್ಲಿ ಯೆಮನ್ ದೇಶದ ಅಂಡಾಕಾರದ ಅಕೀಕ್ ಕಲ್ಲು. ಕೆಂಡಕ್ಕೆ ಚಿನ್ನದ ಪಾತ್ರೆ. ಇವೆಲ್ಲವನ್ನೂ ಬೆಳ್ಳಿಯ ಹರಿವಾಣದಲ್ಲಿ ಇಟ್ಟು ಸಮರ್ಪಿಸಲಾಯಿತು. ಅಕ್ಬರನು ಎರಡು ಮೂರು ಸಲ ಹೊಗೆ ಎಳೆದನು. ಆಸ್ಥಾನವೈದ್ಯನು ಪರೀಕ್ಷೆಯಾಗದ ವಸ್ತುವೆಂದು ವಿರೋಧಿಸಿದನು. ದೊರೆಯು ಆ ಅಭ್ಯಾಸವನ್ನು ಮುಂದುವರಿಸಲಿಲ್ಲ. ಆದರೆ ಸರದಾರರು ಬಿಡಲಿಲ್ಲ. ಅಸದ್ ಬೇಗನು ತಾನು ತಂದ ಸೊಪ್ಪನ್ನೂ ನಳಿಗೆಗಳನ್ನೂ ಅವರಿಗೆ ಹಂಚಬೇಕಾಯಿತು. 1617ರಲ್ಲಿ ಜಹಾಂಗೀರನು ಹೊರಡಿಸಿದ ನಿಷೇಧಾಜ್ಞೆಯೂ ಫಲಕಾರಿಯಾಗಲಿಲ್ಲ.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದುಂಟು. ಅಸದ್ ಬೇಗನ ವರ್ಣನೆಯಲ್ಲಿ ಕೊಳವೆಯುಂಟು, ಬಾಯಿತುದಿಯುಂಟು, ಕೆಂಡದ ಪಾತ್ರೆಯುಂಟು. ನೀರಿನ ಪಾತ್ರೆಯ ಮಾತೇ ಇಲ್ಲ. ಇಂದಿನ ವಸ್ತುಸಂಗ್ರಹಾಲಯಗಳಿಗೆ ಹೋದರೆ ಸ್ಥಿತಿ ಇದಕ್ಕೆ ನೇರ ವಿರುದ್ಧ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯ, ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯ, ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯ — ಇವುಗಳ ಬಿದರಿ ವಿಭಾಗಗಳಲ್ಲಿ ಹುಕ್ಕಾದ ನೀರಿನ ಪಾತ್ರೆಗಳು ಎದ್ದುಕಾಣುತ್ತವೆ. ಅವುಗಳ ಮೇಲೆ ನಿಂತಿದ್ದ ಚಿಲುಮೆ, ಕೊಳವೆ, ಬಾಯಿತುದಿ ಮಾತ್ರ ಬಹುಮಟ್ಟಿಗೆ ಇಲ್ಲ. ಲಿಖಿತ ಆಧಾರವು ಒಂದರ್ಧವನ್ನೂ ಸಂಗ್ರಹಗಳು ಇನ್ನೊಂದರ್ಧವನ್ನೂ ಉಳಿಸಿವೆಯೆನ್ನಬಹುದು.

ಇದಕ್ಕೆ ಕಾರಣವನ್ನು ವಸ್ತುವಿನಲ್ಲಿಯೇ ಹುಡುಕಬೇಕು. ಬಿದರಿ ಪಾತ್ರೆಯ ಮೈ ಬೆಲೆಯುಳ್ಳ ಲೋಹವಲ್ಲ. ಹೆಚ್ಚು ಸತುವು, ಸ್ವಲ್ಪ ತಾಮ್ರ. ಎರಕದ ಪಾತ್ರೆಯನ್ನು ನಯಮಾಡಿ, ಮೈಲುತುತ್ತದಿಂದ ತಾತ್ಕಾಲಿಕವಾಗಿ ಕಪ್ಪುಮಾಡಿ, ಚಿತ್ರವನ್ನು ಕೊರೆದು, ಬೆಳ್ಳಿಯ ತಂತಿ ಅಥವಾ ತಗಡನ್ನು ಕೂರಿಸುವರು. ಕೊನೆಯಲ್ಲಿ ಬೀದರ ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ಹಚ್ಚಿದರೆ ಮೈ ಕಪ್ಪಾಗುವುದು, ಬೆಳ್ಳಿ ಬೆಳ್ಳಗೇ ಉಳಿಯುವುದು. ಚಿನ್ನದ ಅಥವಾ ಬೆಳ್ಳಿಯ ಹುಕ್ಕಾವನ್ನು ಕಷ್ಟಕಾಲದಲ್ಲಿ ಕರಗಿಸಿದರೆ ಹಣ ಸಿಗುತ್ತದೆ. ರತ್ನವನ್ನು ಕಿತ್ತು ಮಾರಬಹುದು. ಮರದ ಕೊಳವೆ ತಾನಾಗಿಯೇ ಹಾಳಾಗುತ್ತದೆ. ಬಿದರಿಯಲ್ಲಿ ಬೆಲೆಯೆಲ್ಲ ಕೆಲಸಗಾರನ ಕೈಯಲ್ಲಿದೆ, ಕರಗಿಸಿದವನಿಗೆ ದಕ್ಕುವುದು ಏನೂ ಇಲ್ಲ. ಅದು ಉಳಿದುದಕ್ಕೆ ಇದೂ ಒಂದು ಕಾರಣವಿರಬೇಕೆಂದು ನಮ್ಮ ಅಭಿಪ್ರಾಯ.

ಹದಿನೆಂಟನೆಯ ಶತಮಾನದಲ್ಲಿ ಕಂಪನಿಯ ಆಂಗ್ಲ ಅಧಿಕಾರಿಗಳೂ ಈ ವ್ಯಸನಕ್ಕೆ ಒಳಗಾದರು. 1779ರಲ್ಲಿ ಕಲ್ಕತ್ತೆಯ ವಾರನ್ ಹೇಸ್ಟಿಂಗ್ಸ್ ದಂಪತಿಗಳು ಕಳುಹಿಸಿದ ಒಂದು ಔತಣದ ಆಹ್ವಾನದಲ್ಲಿ, ಹುಕ್ಕಾಬರ್ದಾರನ ಹೊರತು ಬೇರೆ ಸೇವಕರನ್ನು ಕರೆತರಬಾರದೆಂಬ ಸೂಚನೆಯಿದೆ. ಅತಿಥಿಯ ಊಳಿಗದವರೆಲ್ಲ ಹೊರಗೆ, ಹುಕ್ಕಾದವನೊಬ್ಬ ಒಳಗೆ! ಮುಂದಿನ ಶತಮಾನದಲ್ಲಿ ಚುಟ್ಟ ಬಂದು ಹುಕ್ಕಾ ಹಿಂದೆ ಸರಿಯಿತು. ಸೇದುವವನ ಕೈಯಿಂದ ವಸ್ತುವು ಸಂಗ್ರಾಹಕನ ಕೈಗೆ ಬಂದುದು ಈ ಹೊತ್ತಿನಲ್ಲಿ. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಬಿದರಿ ಸಾಮಾನುಗಳನ್ನು ಇಡಲಾಗಿತ್ತು. ಅಲ್ಲಿ ಕೊಂಡ ಕೆಲವು ಇಂದಿಗೂ ಮೇಲೆ ಹೇಳಿದ ಲಂಡನ್ ಸಂಗ್ರಹಾಲಯದಲ್ಲಿವೆ.

ಸಂಗ್ರಾಹಕರ ಉಪಕಾರ ಸಣ್ಣದಲ್ಲ. ಪಾತ್ರೆಗಳು ಮೊದಲು ಗೋಳಾಕಾರವಾಗಿದ್ದು, ಹದಿನೆಂಟನೆಯ ಶತಮಾನದ ನಡುಭಾಗದಿಂದೀಚೆಗೆ ಗಂಟೆಯ ಆಕಾರವನ್ನು ತಳೆದುವೆಂಬ ಕಾಲಾನುಕ್ರಮವು ಸಾಧ್ಯವಾದುದು ಅವರಿಂದಲೇ. ದುಂಡು ಪಾತ್ರೆ ನಿಲ್ಲಲು ಬಳೆಯಂತಹ ಆಸರೆ ಬೇಕಿತ್ತು. ಗಂಟೆಯಾಕಾರದ್ದು ತಾನೇ ನಿಲ್ಲುತ್ತಿತ್ತು. ಆದರೆ ಕೊಂಡವರು ನೋಡಿದುದು ಬಳ್ಳಿ, ಹೂ, ಬೆಳ್ಳಿಯ ಹೊಳಪು. ಎಲ್ಲಿ ಕೊಂಡುದು, ಯಾರ ಮನೆಯದು ಎಂಬುದನ್ನು ಬರೆದಿಟ್ಟವರು ವಿರಳ. ಬಿದರಿ ಕೆಲಸವು ಲಖನೌ, ಪೂರ್ಣಿಯಾ, ಮುರ್ಷಿದಾಬಾದುಗಳಿಗೂ ಹಬ್ಬಿತ್ತಾದುದರಿಂದ, ಒಂದು ಪಾತ್ರೆ ನಿಜವಾಗಿ ಬೀದರಿನದೇ ಎಂದು ಹೇಳಲು ಎಷ್ಟೋ ವೇಳೆ ಶೈಲಿಯೊಂದೇ ಆಧಾರವಾಗುತ್ತದೆ. ಶೈಲಿಯಿಂದ ಊರನ್ನೂ, ಆ ಊರಿನಿಂದ ಮತ್ತೆ ಶೈಲಿಯನ್ನೂ ನಿರ್ಣಯಿಸುವ ಈ ಸುತ್ತುದಾರಿಯನ್ನು ನಾವು ಒಪ್ಪಲಾರೆವು.

ಯುರೋಪಿನಲ್ಲಿಯೂ ಇದೇ ಬಗೆಯ ಕಥೆಯುಂಟು. ಷೆಫೀಲ್ಡಿನ ಇಂಜಿನಿಯರ್ ವಿಲಿಯಂ ಬ್ರ್ಯಾಗ್ (1823–1884) ನಾನಾ ದೇಶಗಳಿಂದ ಸುಮಾರು 13,000 ಹೊಗೆನಳಿಗೆ ಮೊದಲಾದ ವಸ್ತುಗಳನ್ನು ಕೂಡಿಸಿದನು. ಹೊಗೆಸೊಪ್ಪಿನ ಕುರಿತಾದ ಗ್ರಂಥಗಳ ಅವನ ಪಟ್ಟಿಯು 1880ರಲ್ಲಿ ವಿಸ್ತರಿಸಿ ಅಚ್ಚಾಯಿತು. ನಳಿಗೆಗಳ ಸಂಗ್ರಹವೋ ಒಡೆದು ಚದರಿಹೋಯಿತು. ಇದಕ್ಕೆ ಎದುರಾಗಿ, ಬೆಲೆಯಿಲ್ಲದ ಇಂಗ್ಲಿಷ್ ಮಣ್ಣಿನ ನಳಿಗೆಗಳ ಚೂರುಗಳನ್ನು ಅಮೆರಿಕದ ವರ್ಜೀನಿಯಾ ಮುಂತಾದೆಡೆಗಳಲ್ಲಿ ಅಗೆದು ತೆಗೆದ ಪ್ರಾಕ್ತನ ಶೋಧಕರು ಅವು ಸಿಕ್ಕ ಸ್ಥಳವನ್ನೂ ಪದರವನ್ನೂ ಗುರುತಿಸಿಟ್ಟಿದ್ದರು. ಆ ಚೂರುಗಳ ರಂಧ್ರಗಳನ್ನು ಅಳೆದ ಹ್ಯಾರಿಂಗ್ಟನ್, ಹದಿನೇಳನೆಯ ಶತಮಾನದ ಆದಿಯಿಂದ ಹದಿನೆಂಟನೆಯದರ ಕೊನೆಯವರೆಗೆ ಅವು ಕ್ರಮವಾಗಿ ಕಿರಿದಾದುವೆಂದು 1954ರಲ್ಲಿ ತೋರಿಸಿದನು. ಅಂದಿನಿಂದ ಆ ಕಾಲದ ನೆಲೆಗಳ ಕಾಲನಿರ್ಣಯಕ್ಕೆ ಆ ಚೂರುಗಳು ಒದಗಿಬಂದಿವೆ.

ನಮ್ಮ ಚಿಲುಮೆಯೂ ಮಣ್ಣಿನದೇ. ಸುಟ್ಟು, ಒಡೆದು, ಬಿಸಾಡಿದ ಆ ಚಿಲುಮೆಗಳು ಬೀದರ, ಬಿಜಾಪುರಗಳ ಹಳೆಯ ಕಸದ ಗುಂಡಿಗಳಲ್ಲಿ ಇರಲೇಬೇಕು. ಆ ಕೋಟೆಗಳ ಒಳಗೂ ಹೊರಗೂ ಅಗೆತ ನಡೆದಾಗ, ಹೂಜಿ ಮಡಕೆಗಳ ಚೂರುಗಳೊಡನೆ ಇವನ್ನೂ ಪದರವಾರಾಗಿ ಎಣಿಸಿಟ್ಟರೆ, ಅಸದ್ ಬೇಗನು ಕಂಡ ಅಭ್ಯಾಸವು ಅರಮನೆಯಿಂದ ಪೇಟೆಗೆ ಇಳಿಯಿತೋ, ಪೇಟೆಯಿಂದಲೇ ಅರಮನೆಗೆ ಏರಿತೋ ಎಂಬುದನ್ನು ಕೇಳಲು ಆಧಾರ ದೊರೆತೀತು.