ಬರದ ತೆರಿಗೆಯಿಂದ ವೃತ್ತಿ ತೆರಿಗೆಗೆ

ಹಜೀರಾದ ಕಾರ್ಖಾನೆಗಳನ್ನು ನಂಬಿ ತಾಪಿಯ ಅಳಿವೆಯ ಸುತ್ತ ನೆಲೆಸಿದ ನಾವು ಕನ್ನಡಿಗರು, ಸಂಬಳದ ಚೀಟಿಯಲ್ಲಿ ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ ಮುರಿದುಕೊಂಡಿರುವುದನ್ನು ನೋಡಿಯೂ ನೋಡದಂತಿರುತ್ತೇವೆ. ಈಚೆಗೆ ಬೆಂಗಳೂರಿನ ಕಂಪನಿಯ ಕೆಲಸವನ್ನು ಸೂರತ್ತಿನ ಮನೆಯಲ್ಲೇ ಕುಳಿತು ಮಾಡುವ ಮಕ್ಕಳು ನಮ್ಮಲ್ಲಿದ್ದಾರೆ. ಅವರ ಹಣ ಯಾವ ರಾಜ್ಯಕ್ಕೆ ಸಲ್ಲತಕ್ಕದ್ದು? ಈ ತೆರಿಗೆಯ ಬೇರು ಹುಡುಕಹೊರಟರೆ, ಸೂರತ್ತಿನ ಬೀದಿಗೂ ನಮ್ಮ ಬಯಲುಸೀಮೆಯ ಬರಕ್ಕೂ ಒಟ್ಟಿಗೇ ಬಂದು ನಿಲ್ಲುತ್ತೇವೆ.

1876–78ರ ಧಾತು ಈಶ್ವರ ಬರ ಮೈಸೂರು ಸೀಮೆಯನ್ನಲ್ಲದೆ ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳನ್ನೂ ಬರಿದು ಮಾಡಿತು. ಆ ಜಿಲ್ಲೆಗಳೂ ಸೂರತ್ತೂ ಆಗ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ಮುಂದಿನ ಬರಗಳಿಗೆ ನಿಧಿ ಕೂಡಿಸಲೆಂದು ಸರ್ಕಾರ 1878ರಲ್ಲಿ ವ್ಯಾಪಾರಿಗಳು, ಕುಶಲಕರ್ಮಿಗಳ ಮೇಲೆ ಲೈಸೆನ್ಸ್ ತೆರಿಗೆ ಹೇರಿತು. ಸೂರತ್ತಿನ ವರ್ತಕರು ಅಂಗಡಿ ಮುಚ್ಚಿದರು. ಏಪ್ರಿಲಿನಲ್ಲಿ ಊರು ಗಲಭೆಗೆ ಬಿತ್ತು. ಅವರ ಸಿಟ್ಟಿಗೆ ಕಾರಣವಿಲ್ಲದಿರಲಿಲ್ಲ. ಸಣ್ಣ ಕಸುಬುದಾರನೂ ತೆರಬೇಕು, ಸಂಬಳದ ಅಧಿಕಾರಿಗೆ ಮಾತ್ರ ವಿನಾಯಿತಿ! ಬರನಿಧಿಯ ಹಣ ಅಫಘಾನ್ ಯುದ್ಧಕ್ಕೆ ಹೋಯಿತೆಂಬ ಆಕ್ಷೇಪವೂ ಬೇಗನೆ ಎದ್ದಿತು.

ಮುಂದೆ ಆದಾಯ ತೆರಿಗೆ ಕೇಂದ್ರದ ಪಾಲಾಯಿತು. ಮೈಸೂರು ಸಂಸ್ಥಾನ 1923ರ ತನ್ನದೇ ಕಾಯ್ದೆಯಂತೆ ವಸೂಲು ಮಾಡುತ್ತಿದ್ದ ಆದಾಯ ತೆರಿಗೆಯೂ 1950ರಲ್ಲಿ ಕೇಂದ್ರಕ್ಕೆ ಸೇರಿತು. ರಾಜ್ಯಗಳಿಗೆ ಉಳಿದದ್ದು ಕೃಷಿ ಆದಾಯದ ತೆರಿಗೆ, ಮತ್ತೆ ಈ ವೃತ್ತಿ ತೆರಿಗೆ. ಇದು ಎರಡನೆಯ ಆದಾಯ ತೆರಿಗೆಯಾಗಿ ಬೆಳೆಯದಂತೆ ಸಂವಿಧಾನದ 276ನೆಯ ವಿಧಿ ವರ್ಷಕ್ಕೆ 250 ರೂಪಾಯಿಯ ಮಿತಿ ಹಾಕಿತು. 1988ರ ತಿದ್ದುಪಡಿ ಅದನ್ನು 2,500ಕ್ಕೆ ಏರಿಸಿತು. ಕರ್ನಾಟಕ, ಗುಜರಾತ್ ಎರಡರ ಕಾಯ್ದೆಯೂ 1976ರದು. 1878ರಲ್ಲಿ ಬಿಟ್ಟುಹೋದ ಸಂಬಳದಾರನೇ ಈಗ ಮೊದಲು ಸಿಕ್ಕುವವನು, ಏಕೆಂದರೆ ಅವನ ಹಣವನ್ನು ಧಣಿಯೇ ಮುರಿದು ಕಟ್ಟುತ್ತಾನೆ.

ಕೆಲಸಗಾರನೂ ಕಚೇರಿಯೂ ಒಂದೇ ಊರಿನಲ್ಲಿರುತ್ತಾರೆಂದು ಆ ಕಾಯ್ದೆಗಳು ಭಾವಿಸಿದ್ದವು. ಈಗ ಹಾಗಿಲ್ಲ. ತಿಂಗಳಿಗೆ 20,000 ಗಳಿಸುವ ಹುಡುಗನನ್ನೇ ನೋಡಿ. ಕರ್ನಾಟಕದಲ್ಲಿ 2023ರಿಂದ 25,000ಕ್ಕಿಂತ ಕಡಿಮೆ ಸಂಬಳಕ್ಕೆ ವೃತ್ತಿ ತೆರಿಗೆಯಿಲ್ಲ. ಗುಜರಾತಿನಲ್ಲಿ 2022ರಿಂದ 12,000 ದಾಟಿದರೆ ತಿಂಗಳಿಗೆ 200. ಬೆಂಗಳೂರಿನ ಪಟ್ಟಿಯಲ್ಲಿ ಅವನ ಹೆಸರಿದ್ದರೆ ಸೊನ್ನೆ, ಸೂರತ್ತಿನದರಲ್ಲಿದ್ದರೆ ವರ್ಷಕ್ಕೆ 2,400. ಬಡ ಸಂಬಳಕ್ಕೆ ಇದು ಸಣ್ಣ ಮೊತ್ತವಲ್ಲ.

ಅಮೆರಿಕದಲ್ಲಿ ಇದೇ ವ್ಯಾಜ್ಯ ದೊಡ್ಡದಾಗಿ ನಡೆದಿದೆ. ಕೊರೊನಾ ಕಾಲದಲ್ಲಿ ಮನೆಯಲ್ಲೇ ಕೆಲಸ ಮಾಡಿದ ತನ್ನ ನಿವಾಸಿಗಳಿಂದ ನೆರೆಯ ಮ್ಯಾಸಚೂಸೆಟ್ಸ್ ಆದಾಯ ತೆರಿಗೆ ಪಡೆದದ್ದನ್ನು ನ್ಯೂ ಹ್ಯಾಂಪ್‌ಶೈರ್ ಪ್ರಶ್ನಿಸಿತು; ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಅದನ್ನು ವಿಚಾರಣೆಗೇ ಎತ್ತಿಕೊಳ್ಳಲಿಲ್ಲ.

ನಮ್ಮ ಎಣಿಕೆಯಲ್ಲಿ ವೃತ್ತಿ ತೆರಿಗೆ ವೃತ್ತಿ ನಡೆಯುವ ನೆಲಕ್ಕೆ ಸೇರಿದ್ದು. ಸೂರತ್ ನಗರದಲ್ಲಿ ಅದನ್ನು ವಸೂಲು ಮಾಡುವುದು ಮಹಾನಗರಪಾಲಿಕೆ; ಮನೆಯಲ್ಲಿ ಕೆಲಸ ಮಾಡುವವನ ಬೀದಿದೀಪವೂ ನಲ್ಲಿಯ ನೀರೂ ಅದರವೇ. ಆದರೆ ಎರಡೂ ಕಡೆ ಮುರಿದುಕೊಂಡರೆ ಅನ್ಯಾಯ. ಆದ್ದರಿಂದ ನಮ್ಮ ಮಕ್ಕಳು ನೇಮಕದ ಪತ್ರದಲ್ಲಿ ಕೆಲಸದ ಸ್ಥಳವೆಂದು ಯಾವ ಊರನ್ನು ಬರೆದಿದೆಯೆಂಬುದನ್ನು ಒಮ್ಮೆ ತೆಗೆದು ನೋಡಲಿ.